ಎರಡೂ ಕಡೆ ಜೆರಾಕ್ಸ್ ತನ್ನಿ ಸಾರ್

ಬೆಂಗಳೂರಿನಲ್ಲಿ ಒಬ್ಬ ಮನುಷ್ಯ ಇದ್ದಾನೆ ಎನ್ನಲು ಅವನು ಖುದ್ದಾಗಿ ಬಂದು ಎದುರಿಗೆ ನಿಂತರೆ ಸಾಲದು. ಜೆರಾಕ್ಸ್ ಬೇಕು. ಎರಡೂ ಕಡೆ. ಬಿಟಿಎಂ ಲೇಔಟಿನ ಪಿಜಿಗೆ ಸೇರುವ ಹುಡುಗ ಹಾಸಿಗೆಯ ಮುಖ ನೋಡುವ ಮೊದಲೇ ಆಧಾರ್, ಪ್ಯಾನ್, ಆಫೀಸಿನ ಐಡಿ, ಎರಡು ಫೋಟೋ, ಸಾಲದ್ದಕ್ಕೆ ಊರಿನಲ್ಲಿ ತಣ್ಣಗೆ ಕೂತಿರುವ ಅಪ್ಪನ ಆಧಾರನ್ನೂ ಒಪ್ಪಿಸಬೇಕು. ಸಾರಿನಲ್ಲಿ ಬೇಳೆ ಹುಡುಕಬೇಕಾದೀತು, ದಾಖಲೆಗೆ ಮಾತ್ರ ಕೊರತೆಯಿಲ್ಲ. ಜಿಮ್ಮಿನವರಿಗೆ ಒಂದು ಪ್ರತಿ, ಲಾಡ್ಜಿನವರಿಗೆ ಒಂದು, ಕಲ್ಯಾಣ ಮಂಟಪದವರಿಗೆ ವಧೂವರರ ಕಡೆಯಿಂದ ತಲಾ ಒಂದು.

ಇವೆಲ್ಲ ಹೋಗುವುದು ಮೇಜಿನ ಕೆಳಗಿನ ರಟ್ಟಿನ ಡಬ್ಬಕ್ಕೆ. ಡಬ್ಬ ತುಂಬಿದರೆ ಹಳೇ ಪೇಪರಿನವನಿಗೆ, ತೂಕದ ಲೆಕ್ಕದಲ್ಲಿ. ಅಲ್ಲಿಂದ ಮುಂದೆ ಕಡಲೆಕಾಯಿ ಪೊಟ್ಟಣ. ಹನ್ನೆರಡು ಅಂಕಿಯ ಗುರುತಿನ ಮೇಲೆ ಉಪ್ಪು ಖಾರ ಉದುರಿಸಿಕೊಂಡು ತಿನ್ನುವ ಭಾಗ್ಯ ಬೇರೆ ಯಾವ ಊರಿಗುಂಟು? ತಿಂದು ಕೈ ಒರೆಸಿಕೊಂಡು ಫೋನ್ ತೆಗೆದರೆ ಬ್ಯಾಂಕಿನ ಸಂದೇಶ ಬಂದಿರುತ್ತದೆ: ನಿಮ್ಮ ವೈಯಕ್ತಿಕ ಮಾಹಿತಿಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ.

ಇದನ್ನು ಯಾರೂ ಗಮನಿಸಲೇ ಇಲ್ಲ ಎಂದರೆ ಅನ್ಯಾಯವಾದೀತು. 2022ರ ಮೇ 27, ಶುಕ್ರವಾರ, ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತ್ತು. ಕಂಡಕಂಡವರಿಗೆ ಆಧಾರ್ ಜೆರಾಕ್ಸ್ ಕೊಡಬೇಡಿ, ದುರ್ಬಳಕೆ ಆದೀತು. ಹೋಟೆಲು, ಸಿನಿಮಾ ಮಂದಿರಗಳು ಪ್ರತಿ ಪಡೆದು ಇಟ್ಟುಕೊಳ್ಳುವಂತಿಲ್ಲ. ಇಂಟರ್ನೆಟ್ ಸೆಂಟರುಗಳಲ್ಲಿ ಇ-ಆಧಾರ್ ಇಳಿಸಿಕೊಳ್ಳಬೇಡಿ, ಇಳಿಸಿದರೆ ಅಳಿಸಿ ಬನ್ನಿ. ಅಕ್ಷರ ಅಕ್ಷರವೂ ಸರಿಯಾಗಿತ್ತು. ಅದೇ ತಪ್ಪಾಯಿತು. ಭಾನುವಾರ, ಮೇ 29ಕ್ಕೆ, ಜನ ಅಪಾರ್ಥ ಮಾಡಿಕೊಂಡಾರು ಎಂದು ದೆಹಲಿಯಿಂದ ಪ್ರಕಟಣೆ ವಾಪಸಾಯಿತು. ಸಾಮಾನ್ಯ ವಿವೇಚನೆ ಬಳಸಿದರೆ ಸಾಕಂತೆ. ಬೆಂಗಳೂರು ಕೊಟ್ಟ ಬುದ್ಧಿವಾದಕ್ಕೆ ಎರಡು ದಿನದ ಆಯಸ್ಸು. ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಕೊಂಡವನಿಗೆ ಆ ಸುದ್ದಿ ಮುಟ್ಟುವಷ್ಟರಲ್ಲಿ ಅದು ಕಾಲವಾಗಿತ್ತು.

ಆ ಪ್ರಕಟಣೆ ಹೇಳಿದ್ದ ಮಾಸ್ಕ್ಡ್ ಆಧಾರ್ ಮಾತ್ರ ಇನ್ನೂ ಉಸಿರಾಡುತ್ತಿದೆ. ಮೈಆಧಾರ್ ಜಾಲತಾಣಕ್ಕೆ ಹೋಗಿ, ಓಟಿಪಿ ಕೊಟ್ಟು, ಡೌನ್‌ಲೋಡ್ ಒತ್ತುವ ಮೊದಲು 'ಮಾಸ್ಕ್ಡ್' ಎಂಬ ಪುಟ್ಟ ಚೌಕಕ್ಕೆ ಟಿಕ್ ಹಾಕಬೇಕು. ಮೊದಲ ಎಂಟು ಅಂಕಿ ಮರೆಯಾಗಿ ಕೊನೆಯ ನಾಲ್ಕು ಉಳಿಯುತ್ತವೆ. ಆ ಚೌಕ ಮರೆತರೆ ಪೂರ್ತಿ ನಂಬರೇ ಇಳಿಯುತ್ತದೆ, ಮರೆಯುವುದೇ ರೂಢಿ. ಇಳಿದ ಫೈಲಿಗೊಂದು ಪಾಸ್‌ವರ್ಡ್ ಇದೆ, ದೇಶಕ್ಕೆಲ್ಲ ಒಂದೇ ಸೂತ್ರ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಹಿಂದೆ ಹುಟ್ಟಿದ ವರ್ಷ. ಹೆಸರು ರಮ್ಯಾ, ವರ್ಷ 1992 ಆದರೆ ಆರ್ ಎ ಎಂ ವೈ 1992. ಕಾರ್ಡಿನ ಮೇಲೇ ಅಚ್ಚಾಗಿರುವ ಎರಡು ಸಂಗತಿಗಳೇ ಕಾರ್ಡಿನ ಬೀಗದ ಕೈ. ಇಷ್ಟಾಗಿಯೂ ಜೆರಾಕ್ಸ್ ಅಂಗಡಿಯವನು ನಾಲ್ಕು ಜನ ಕ್ಯೂ ನಿಂತಿರುವಾಗಲೇ 'ಮೇಡಂ, ಪಾಸ್‌ವರ್ಡ್ ಹೇಳಿ' ಎಂದು ಕೂಗುತ್ತಾನೆ. ಮೇಡಂ ಕೂಗಿಯೇ ಹೇಳುತ್ತಾರೆ. ವಾಟ್ಸಾಪಿನಲ್ಲಿ ಕಳಿಸಿದ ಆ ಫೈಲು ಅವನ ಡೌನ್‌ಲೋಡ್ ಫೋಲ್ಡರಿನಲ್ಲಿ, ಯಾರದೋ ರೆಂಟ್ ಅಗ್ರಿಮೆಂಟ್ ಪಕ್ಕದಲ್ಲಿ, ಬಾಡಿಗೆಯಿಲ್ಲದೆ ಕಾಯಂ ವಾಸ.

ಮಾಸ್ಕ್ಡ್ ಪ್ರತಿ ಕೊಟ್ಟರೆ ಪಿಜಿ ಮಾಲೀಕರು ಕಾರ್ಡನ್ನು ಬೆಳಕಿಗೆ ಹಿಡಿದು, 'ಇದು ನಡೆಯಲ್ಲ, ನಂಬರ್ ಕಾಣಲ್ಲ' ಎನ್ನುತ್ತಾರೆ. ಕಂಡಿದ್ದರೆ ಏನು ಮಾಡುತ್ತಿದ್ದರು ಎಂದು ಕೇಳಬಾರದು. ಕಾರ್ಡು ಅಸಲಿಯೋ ನಕಲಿಯೋ ಎಂದು ಹೇಳುವುದು ಅದರ ಕ್ಯೂಆರ್ ಕೋಡ್. ಅದರೊಳಗೆ ಡಿಜಿಟಲ್ ಸಹಿ ಇರುತ್ತದೆ, ಆಧಾರ್ ಪ್ರಾಧಿಕಾರದ ಆಪಿನಲ್ಲಿ ಸ್ಕ್ಯಾನ್ ಮಾಡಿದರೆ ಗುಟ್ಟು ರಟ್ಟು. ಫೋಟೋಶಾಪಿನಲ್ಲಿ ಹುಟ್ಟಿದ ಕಾರ್ಡೂ ಜೆರಾಕ್ಸಿನಲ್ಲಿ ಅಷ್ಟೇ ಲಕ್ಷಣವಾಗಿ ಬರುತ್ತದೆ. ಆದರೆ ಸ್ಕ್ಯಾನ್ ಮಾಡಿದರೆ ಡಬ್ಬ ತುಂಬುವುದಿಲ್ಲವಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆಧಾರ್ ವಿರುದ್ಧ ಆ ದಾವೆ ಹೂಡಿದ್ದವರು ಇದೇ ಬೆಂಗಳೂರಿನ, ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮರುವರ್ಷದ ತೀರ್ಪು ಖಾಸಗಿ ಕಂಪನಿಗಳು ಆಧಾರ್ ಕೇಳುವುದಕ್ಕೂ ಕಡಿವಾಣ ಹಾಕಿತು. ಜಿಮ್ಮಿನವರು ಇದನ್ನು ಓದಿದಂತಿಲ್ಲ. ಅವರಿಗೆ ಸ್ನಾಯುಗಳಿವೆ, ವಾದ ಬೇಡ. ಡ್ರೈವಿಂಗ್ ಲೈಸೆನ್ಸ್ ಕೊಟ್ಟು ನೋಡಿ. ಆಧಾರೇ ಬೇಕೆಂದು ಹಟ ಹಿಡಿದರೆ ಪ್ರತಿಯ ಮೇಲೆ ಅಡ್ಡಲಾಗಿ, ಅಕ್ಷರ ಅಂಕಿಗಳನ್ನು ತುಳಿದುಕೊಂಡು ಹೋಗುವಂತೆ, ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಎಂದು ಬರೆದು ಸಹಿ ಹಾಕಿ. ಮೂಲೆಯಲ್ಲಿ ಬರೆದರೆ ಕತ್ತರಿಗೆ ಸುಲಭ.

ಕಾಗದದ ಕತೆ ಹೀಗಾದರೆ ಬೆರಳಿನದು ಇನ್ನೂ ಚೆಂದ. ಆಧಾರ್ ಆಧಾರಿತ ಪಾವತಿ ಎಂಬ ವ್ಯವಸ್ಥೆಯಲ್ಲಿ ದುಡ್ಡು ತೆಗೆಯಲು ಬೇಕಾದದ್ದು ಮೂರೇ: ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳಚ್ಚು. ಪಿನ್ ಇಲ್ಲ, ಓಟಿಪಿ ಇಲ್ಲ. ಒಂದು ಸಲಕ್ಕೆ 10,000 ರೂಪಾಯಿವರೆಗೆ. ಎಟಿಎಂ ದೂರವಿರುವ ಹಳ್ಳಿಯ ಅಜ್ಜಿಗೆ ಇದು ವರವೇ. ಆದರೆ ಸೈಟು ಕೊಂಡ ಬೆಂಗಳೂರಿಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುತ್ತಾನೆ, ಆಧಾರ್ ಪ್ರತಿಯನ್ನೂ ಲಗತ್ತಿಸುತ್ತಾನೆ. ಸಿಲಿಕೋನಿನಲ್ಲಿ ಬೆರಳು ಎರಕ ಹೊಯ್ಯುವವನಿಗೆ ಊಟ, ಎಲೆ, ಅಡಿಕೆ ಒಂದೇ ತಟ್ಟೆಯಲ್ಲಿ. 2023ರಲ್ಲಿ ಬೆಂಗಳೂರಿನ ಪೊಲೀಸರ ಮುಂದೆ, ಆಸ್ತಿ ನೋಂದಣಿ ಮಾಡಿಸಿದ ಮೇಲೆ ಖಾತೆ ಖಾಲಿಯಾಯಿತು ಎನ್ನುವ ದೂರುಗಳು ಸಾಲುಗಟ್ಟಿದವು. ಪತ್ರಗಳಲ್ಲಿನ ಬೆರಳಚ್ಚು ಮರೆಮಾಡುವ ಯೋಚನೆ ಹೊಳೆದದ್ದು ಆಮೇಲೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಪಾಸ್‌ವರ್ಡ್ ಕಳೆದರೆ ಹೊಸದು ಹಾಕಬಹುದು. ಹೆಬ್ಬೆರಳಿಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಮೈಆಧಾರ್‌ನಲ್ಲೋ ಪ್ರಾಧಿಕಾರದ ಆಪಿನಲ್ಲೋ ಬಯೊಮೆಟ್ರಿಕ್ ಲಾಕ್, ಅಂದರೆ ಬೆರಳಚ್ಚು ಬಳಕೆಗೆ ಸಿಗದಂತೆ ಬೀಗ, ಹಾಕಿಡುವುದು ವಾಸಿ. ಎರಡು ನಿಮಿಷದ ಕೆಲಸ, ಆಧಾರಿಗೆ ಜೋಡಿಸಿದ ಮೊಬೈಲ್ ನಂಬರು ಬದುಕಿದ್ದರೆ. ಆರು ತಿಂಗಳಾದ ಮೇಲೆ ಹೊಸ ಸಿಮ್ಮಿಗೆ ಬೆರಳಿಟ್ಟಾಗ ಯಂತ್ರ 330 ಎಂಬ ದೋಷ ಸಂಖ್ಯೆ ತೋರಿಸಿದರೆ, ಅಂಗಡಿಯವನು 'ಬೆರಳು ಸವೆದಿದೆ, ಎಣ್ಣೆ ಹಚ್ಚಿ' ಎಂದು ವೈದ್ಯ ಹೇಳಿಯಾನು. ಎಣ್ಣೆ ಬೇಡ. ಲಾಕ್ ಹಾಕಿದ್ದು ನೀವೇ, ಮರೆತಿದ್ದೀರಿ. ಆಪಿನಲ್ಲಿ ತಾತ್ಕಾಲಿಕವಾಗಿ ತೆರೆದರಾಯಿತು. ಅದೇ ಜಾಲತಾಣದಲ್ಲಿ ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರನ್ನು ಯಾವಾಗ, ಹೇಗೆ ದೃಢೀಕರಿಸಲಾಯಿತು ಎಂಬ ಇತಿಹಾಸವೂ ಇದೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನ ಸಿಮ್ಮುಗಳೆಷ್ಟು ಎಂದೂ ನೋಡಬಹುದು. ಒಬ್ಬರಿಗೆ ಒಂಬತ್ತರವರೆಗೆ ಅವಕಾಶ. ನಿಮಗೇ ಗೊತ್ತಿಲ್ಲದ ಐದು ನಂಬರು ಕಂಡರೆ 'ನನ್ನದಲ್ಲ' ಎಂದು ಗುರುತು ಹಾಕಿ.

ದುಡ್ಡು ಹೋಗಿಯೇಬಿಟ್ಟರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930. ವಹಿವಾಟಿನ ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಲಿ. ಅತ್ತು ಮುಗಿಸಿ ಫೋನ್ ಮಾಡುವಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿರುತ್ತದೆ. ಬ್ಯಾಂಕಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ ಎಂದಾಗ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟವರಿಗೆ ನಷ್ಟದ ಹೊರೆಯಿಲ್ಲ ಎಂದಿತ್ತು. ಕೌಂಟರಿನಲ್ಲಿ ಮಾತ್ರ 'ಓಟಿಪಿ ಕೊಟ್ಟಿರಬೇಕು ನೀವು' ಎನ್ನುತ್ತಾರೆ. ಬೆರಳಿನ ವಹಿವಾಟಿಗೆ ಓಟಿಪಿಯೇ ಇಲ್ಲ ಸ್ವಾಮಿ ಎಂದು ವಿವರಿಸಿ. ಗ್ರಾಹಕರೇ ಎಡವಿದರು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು ಎಂಬುದೂ ಅದೇ ಸುತ್ತೋಲೆಯಲ್ಲಿತ್ತು. ರಿಸರ್ವ್ ಬ್ಯಾಂಕಿನ ಈಗಿನ ನಿಯಮದ ಪ್ರತಿ ಇಟ್ಟುಕೊಂಡು ಹೋಗಿ.

ಕೊನೆಗೆ ಠಾಣೆ. ಗುರುತು ಕದ್ದಿದ್ದಾರೆ ಎಂಬ ದೂರನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾರೆ, ತಲೆಯಾಡಿಸುತ್ತಾರೆ, ಅರ್ಜಿಯನ್ನು ತಿರುಗಿಸಿ ನೋಡುತ್ತಾರೆ. 'ಆಧಾರ್ ಎಲ್ಲಿ? ಎರಡೂ ಕಡೆ ಜೆರಾಕ್ಸ್ ತನ್ನಿ.' ಅಂಗಡಿ ಎದುರಿಗೇ ಇದೆ. ಫೋನ್ ತೆಗೆಯಲು ಜೇಬಿಗೆ ಕೈ ಹಾಕಿದರೆ ಅಂಗಡಿಯವನು ಮೌಸ್ ಆಡಿಸುತ್ತಾ ತಡೆಯುತ್ತಾನೆ: 'ಬೇಡ ಬಿಡಿ ಸಾರ್, ಹೋದ ವರ್ಷದ್ದು ನಮ್ಮಲ್ಲೇ ಇದೆ. ಎಷ್ಟು ಕಾಪಿ?'