ಮೊದಲ ಕಾರು: ಬಣ್ಣ ಆಮೇಲೆ, ಕ್ಲಚ್ಚು ಮೊದಲು

ಕೆಲಸಕ್ಕೆ ಸೇರಿ ಎರಡು ವರ್ಷವಾದ ಹುಡುಗಿ ತನ್ನ ದುಡ್ಡಲ್ಲಿ ಕಾರು ತಗೊಳ್ಳೋಕೆ ಶೋರೂಮಿಗೆ ಹೋದರೆ, ಮೈಲೇಜು, ಎಂಜಿನ್ನು, ಡೌನ್‌ಪೇಮೆಂಟು ಎಲ್ಲವನ್ನೂ ಪಕ್ಕದಲ್ಲಿ ನಿಂತ ಅಪ್ಪನಿಗೆ ವಿವರಿಸ್ತಾರೆ. ಅವಳ ಪಾಲಿಗೆ ಬರೋದು ಬಣ್ಣದ ಪಟ್ಟಿ. ಮನೆಯವರದೂ ಅದೇ ಕಥೆ. ಮಾವನಿಗೆ ರೀಸೇಲ್ ಚಿಂತೆ, ಅಣ್ಣನಿಗೆ ಸನ್‌ರೂಫ್ ಚಿಂತೆ. ಓಡಿಸೋಳ ಕಾಲು ಕ್ಲಚ್ಚಿಗೆ ಎಟುಕುತ್ತಾ ಅಂತ ಕೇಳೋರಿಲ್ಲ. ಚೂಡಿದಾರ್ ಹೊಲಿಸುವಾಗ ಅರ್ಧ ಇಂಚಿಗೂ ಟೈಲರ್ ಜೊತೆ ಜಗಳ ಆಡೋ ನಾವು ಏಳೆಂಟು ಲಕ್ಷದ ಗಾಡಿಗೆ ಅಳತೆಯನ್ನೇ ನೋಡಲ್ಲ.

ಅಳತೆ ನೋಡೋದು ಹೀಗೆ. ದಿನಾ ಆಫೀಸಿಗೆ ಹಾಕೋ ಚಪ್ಪಲಿಯನ್ನೇ ಹಾಕ್ಕೊಂಡು ಹೋಗಿ. ಬೆನ್ನು ಪೂರ್ತಿ ಸೀಟಿಗೆ ಒರಗಿಸಿ ಕೂತು ಕ್ಲಚ್ಚನ್ನು ತಳದವರೆಗೆ ಒತ್ತಿ. ಆಗಲೂ ಮಂಡಿ ಚೂರು ಮಡಚಿಕೊಂಡೇ ಇರಬೇಕು. ಕಾಲು ನೆಟ್ಟಗಾಗಿ ಸೊಂಟ ಜಾರಿದರೆ ಸೀಟನ್ನು ಮುಂದೆ ಎಳೆಯಿರಿ. ಈಗ ಸ್ಟೀರಿಂಗ್ ನಡುವಿನಿಂದ ನಿಮ್ಮ ಎದೆಮೂಳೆಗೆ ಎಷ್ಟು ದೂರ ಇದೆ ನೋಡಿ. ಕನಿಷ್ಠ 25 ಸೆಂಟಿಮೀಟರ್ ಬೇಕು, ಅಂದರೆ ನಿಮ್ಮದೇ ಒಂದು ಗೇಣು, ಅದರ ಮೇಲೆ ನಾಲ್ಕು ಬೆರಳು. ಏರ್‌ಬ್ಯಾಗ್ ಬಿಚ್ಚಿಕೊಳ್ಳೋದು ಕಣ್ಣು ಮಿಟುಕಿಸುವಷ್ಟರಲ್ಲಿ, ತುಂಬಾ ಹತ್ತಿರ ಕೂತವರಿಗೆ ಅದೇ ಗುದ್ದುತ್ತೆ. ಐದಡಿ ಆಸುಪಾಸು ಎತ್ತರದವರಿಗೆ ತೊಂದರೆ ಆಗೋದು ಇಲ್ಲೇ: ಪೆಡಲ್ಲಿಗೆ ಹತ್ತಿರ ಹೋದರೆ ಏರ್‌ಬ್ಯಾಗ್ ಹತ್ತಿರ, ಹಿಂದೆ ಸರಿದರೆ ಕ್ಲಚ್ ಅರ್ಧಂಬರ್ಧ.

ಇದಕ್ಕೆ ಮದ್ದು ಸೀಟಿನ ಎತ್ತರ ಏರಿಳಿಸುವ ಲಿವರ್ರು ಮತ್ತು ಮೇಲೆ ಕೆಳಗೆ ಆಡುವ ಸ್ಟೀರಿಂಗು. ಸಣ್ಣ ಕಾರುಗಳ ಬೇಸ್ ವೇರಿಯಂಟಲ್ಲಿ, ಅಂದರೆ ಅದೇ ಮಾಡೆಲಿನ ಅತಿ ಅಗ್ಗದ ಬಗೆಯಲ್ಲಿ, ಸೀಟಿನ ಲಿವರ್ ಇರೋದೇ ಅಪರೂಪ. ನನ್ನ ಖಡಾಖಂಡಿತ ಅಭಿಪ್ರಾಯ: ಇನ್ನೊಂದಷ್ಟು ಸಾವಿರ ಸೇರಿಸಿ ಮೇಲಿನ ವೇರಿಯಂಟಿಗೆ ಹೋಗೋದಾದರೆ ಈ ಲಿವರ್ರಿಗೋಸ್ಕರ ಹೋಗಿ. ಟಚ್‌ಸ್ಕ್ರೀನ್ ಹೊರಗಡೆ ಹಾಕಿಸಬಹುದು, ಇದನ್ನು ಆಗಲ್ಲ. ದಿಂಬು ಇಟ್ಟುಕೊಂಡು ಓಡಿಸ್ತೀನಿ ಅಂತೀರಾ? ಜೋರಾಗಿ ಬ್ರೇಕ್ ಹಾಕಿದಾಗ ದಿಂಬು ಜಾರುತ್ತೆ, ಸೊಂಟದ ಬೆಲ್ಟು ಹೊಟ್ಟೆ ಮೇಲೆ ಬರುತ್ತೆ.

ಟೆಸ್ಟ್ ಡ್ರೈವನ್ನು ಅವರ ಮಾಮೂಲಿ ಸರ್ವಿಸ್ ರೋಡಲ್ಲಿ ಮುಗಿಸಬೇಡಿ. ಗಾಡಿಯನ್ನು ನಿಮ್ಮ ಮನೆಯ ಪಾರ್ಕಿಂಗಿಗೇ ತರಿಸಿ. ಬೇಸ್‌ಮೆಂಟ್ ಏರಿನಲ್ಲಿ ಅರ್ಧಕ್ಕೆ ನಿಲ್ಲಿಸಿ, ಮತ್ತೆ ಹೊರಡಿಸಿ. ಹಿಂದಕ್ಕೆ ಉರುಳುತ್ತಾ? ಏರಿನಲ್ಲಿ ತಾನೇ ಬ್ರೇಕ್ ಹಿಡಿಯೋ ಹಿಲ್ ಹೋಲ್ಡ್ ಇದ್ದರೆ ಒಂದೆರಡು ಸೆಕೆಂಡ್ ಹಿಡಿದುಕೊಳ್ಳುತ್ತೆ. ಎಎಂಟಿ, ಅಂದರೆ ಗೇರು ತಾನೇ ಬದಲಾಗೋ ಗಾಡಿ ತಗೊಳ್ಳೋರಿಗೆ ಒಂದು ಕಿವಿಮಾತು: ಅದರಲ್ಲಿ ಕ್ಲಚ್ ಪೆಡಲ್ ಇಲ್ಲ ಅಷ್ಟೇ, ಕ್ಲಚ್ ಪ್ಲೇಟ್ ಒಳಗೆ ಇದ್ದೇ ಇದೆ. ಫ್ಲೈಓವರ್ ಏರಿನ ಜಾಮಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಲ್ಲೇ ಗಾಡಿ ನಿಲ್ಲಿಸಿಕೊಂಡರೆ ಸವೆಯೋದು ಅದೇ.

ಇನ್ನು ದುಡ್ಡು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18%ಗೆ ಇಳಿದಿದೆ, ಸರಿ. ಆದರೆ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಪೆಟ್ಟು ಹಾಗೇ ಇದೆ. ಪೆಟ್ರೋಲ್ ಕಾರಿಗೆ 5ರಿಂದ 10 ಲಕ್ಷದವರೆಗೆ 14%, ಅದು ದಾಟಿದರೆ 20 ಲಕ್ಷದವರೆಗೆ 17%, ಆ ತೆರಿಗೆಯ ಮೇಲೆ ಮತ್ತೆ 11% ಸೆಸ್. 9,95,000ದ ಕಾರಿಗೆ ಸುಮಾರು 1,54,600 ರೂಪಾಯಿ ಕಟ್ಟಿದರೆ, 10,05,000ದ ಕಾರಿಗೆ ಸುಮಾರು 1,89,600. ಹತ್ತು ಸಾವಿರದ ಫ್ಯಾನ್ಸಿ ವೇರಿಯಂಟಿಗೆ ಮೂವತ್ತೈದು ಸಾವಿರ ಬರೀ ತೆರಿಗೆ!

ಕೊಟೇಶನ್ನಲ್ಲಿ ‘ಹ್ಯಾಂಡ್ಲಿಂಗ್’ ಅನ್ನೋ ಸಾಲಿದ್ದರೆ ಹೊಡೆದು ಹಾಕಿಸಿ. ಮ್ಯಾಟು, ಪರ್ಫ್ಯೂಮಿನ ಕಿಟ್ ಕಡ್ಡಾಯ ಅಲ್ಲ. ಇನ್ಶೂರೆನ್ಸ್ ಶೋರೂಮಲ್ಲೇ ಮಾಡಿಸಬೇಕು ಅನ್ನೋದೂ ಸುಳ್ಳು. ಅದೇ ಐಡಿವಿ (ವಿಮೆಯಲ್ಲಿ ಗಾಡಿಗೆ ಕಟ್ಟಿದ ಬೆಲೆ), ಅದೇ ಆಡ್‌ಆನ್ (ಹೆಚ್ಚುವರಿ ರಕ್ಷಣೆ) ಇಟ್ಟು ಹೊರಗೆ ರೇಟ್ ಕೇಳಿ. ಸವಕಳಿ ಅಂತ ಕಳೆಯದೆ ದುಡ್ಡು ಕೊಡೋ ಝೀರೋ ಡೆಪ್ ಆಡ್‌ಆನ್ ಬೇಕೇ ಬೇಕು, ಯಾಕಂದ್ರೆ ಅದಿಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ದುಡ್ಡು ನಿಮ್ಮದೇ. ಬೆಂಗಳೂರಲ್ಲಿ ನೀರು ಹೊಕ್ಕು ಎಂಜಿನ್ ಕೆಟ್ಟರೆ ಖರ್ಚು ಕೊಡೋ ಎಂಜಿನ್ ಪ್ರೊಟೆಕ್ಟೂ ಇರಲಿ. ಅಂಡರ್‌ಪಾಸಿನ ನೀರಲ್ಲಿ ಗಾಡಿ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡೋಕಂತೂ ಹೋಗಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ.

ಸಾಲದಲ್ಲಿ ಇಎಂಐ ಒಂದನ್ನೇ ನೋಡಿ ಮೋಸ ಹೋಗಬೇಡಿ. 6 ಲಕ್ಷಕ್ಕೆ 9% ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳಿಗೆ 12,455, ಏಳು ವರ್ಷಕ್ಕೆ 9,653. ಕಮ್ಮಿ ಅನ್ನಿಸುತ್ತೆ, ಆದರೆ ಏಳು ವರ್ಷದ ಒಟ್ಟು ಬಡ್ಡಿ ಐದು ವರ್ಷದ್ದಕ್ಕಿಂತ ಅರವತ್ತಮೂರು ಸಾವಿರಕ್ಕೂ ಹೆಚ್ಚು.

ಕಲಿಯೋರಿಗೆ ಸೆಕೆಂಡ್ ಹ್ಯಾಂಡ್ ಕಾರು ಒಳ್ಳೇದು, ಮೊದಲ ಗೀರು ಬಿದ್ದಾಗ ಹೊಟ್ಟೆ ಉರಿಯಲ್ಲ. ಆದರೆ 2019ಕ್ಕಿಂತ ಹಳೇ ಬೇಸ್ ಮಾಡೆಲಲ್ಲಿ ಎಬಿಎಸ್ಸೂ (ಜೋರು ಬ್ರೇಕಿಗೆ ಚಕ್ರ ಬಿಗಿದುಕೊಳ್ಳದಂತೆ ತಡೆಯೋ ವ್ಯವಸ್ಥೆ) ಏರ್‌ಬ್ಯಾಗೂ ಇಲ್ಲದಿರಬಹುದು, ಕೇಳಿ ತಿಳ್ಕೊಳ್ಳಿ. ನೋಡೋಕೆ ಬೆಳಗ್ಗೆಯೇ ಹೋಗಿ, ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ, ತಣ್ಣಗಿನ ಎಂಜಿನ್ನಿನ ಸದ್ದು, ಹೊಗೆ ನಿಮಗೆ ತೋರಿಸೋ ಮನಸ್ಸಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಮೂರನೇ ಗೇರಲ್ಲಿ ಒತ್ತಿದಾಗ ಎಂಜಿನ್ ಕೂಗಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ.

ಮಳೆನೀರಲ್ಲಿ ಮುಳುಗಿ ತೊಳೆದು ಮಾರೋ ಗಾಡಿಗಳದ್ದು ಬೇರೆಯೇ ಕಾಟ. ಡ್ಯಾಶ್‌ಬೋರ್ಡ್ ಫಳಫಳ ಅಂತಿರುತ್ತೆ. ನೀವು ಸೀಟ್‌ಬೆಲ್ಟನ್ನು ಕೊನೇವರೆಗೂ ಎಳೀರಿ. ಯಾವಾಗಲೂ ಸುತ್ತಿಕೊಂಡೇ ಇರೋ ಆ ಕೊನೇ ಗೇಣಿನಲ್ಲಿ ಕೆಸರಿನ ಗೆರೆ ಉಳಿದಿರುತ್ತೆ. ಸೀಟಿನ ಕೆಳಗಿನ ರೈಲು, ಅದರ ಬೋಲ್ಟು, ಸ್ಟೆಪ್ನಿ ಇಡೋ ಗುಂಡಿಯಲ್ಲಿ ತುಕ್ಕು ಹುಡುಕಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷದ ಟೈರಾದರೆ ಹೊಸ ನಾಲ್ಕರ ಬೆಲೆಯನ್ನು ರೇಟಿನಲ್ಲಿ ಕಳೀರಿ.

ಕಾಗದಪತ್ರಕ್ಕೆ, ಗಾಡಿ ನಿಮ್ಮ ಹೆಸರಿಗೆ ವರ್ಗಾವಣೆ ಆಗೋಕೆ ಫಾರ್ಮ್ 29, 30. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಜೊತೆ ಸಾಲದ ನಮೂದು ತೆಗೆಸೋ ಫಾರ್ಮ್ 35. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೇ ಮಾಲೀಕರ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದವರಿಗೆ ಪ್ರೀಮಿಯಮ್ಮಿನಲ್ಲಿ ಸಿಗೋ ರಿಯಾಯಿತಿ) ಅವರದ್ದು, ನಿಮಗೆ ಬರಲ್ಲ. ಅವರ ಫಾಸ್ಟ್ಯಾಗ್ ಮುಚ್ಚಿಸಿ, ಟ್ರಾಫಿಕ್ ದಂಡ ಬಾಕಿ ಇದ್ದರೆ ಅವರಿಂದಲೇ ಕಟ್ಟಿಸಿ.

ಕೊನೆಗೆ ಹೆಸರಿನ ವಿಷಯ. ‘ಆರ್‌ಸಿ ಅಪ್ಪನ ಹೆಸರಲ್ಲೇ ಇರಲಿ ಬಿಡಮ್ಮ, ನಾಳೆ ಮದುವೆ ಆಗಿ ಹೋಗ್ತೀಯಲ್ಲ’ ಅನ್ನೋರು ಎಲ್ಲ ಮನೆಯಲ್ಲೂ ಇರ್ತಾರೆ. ಪಾಲಿಸಿಯಲ್ಲಿ ಮಾಲೀಕ-ಚಾಲಕರಿಗೆ ಅಂತ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರುತ್ತಲ್ಲ, ಅದು ಸಿಗೋದು ಆರ್‌ಸಿಯಲ್ಲಿ ಹೆಸರಿದ್ದು, ಲೈಸೆನ್ಸೂ ಇರೋರಿಗೆ ಮಾತ್ರ. ದಿನಾ ಓಡಿಸೋದು ಮಗಳು, ಆರ್‌ಸಿ ಇರೋದು ಅಪ್ಪನ ಹೆಸರಲ್ಲಿ ಅಂದರೆ ಆ 15 ಲಕ್ಷ ಮಗಳಿಗೆ ಅನ್ವಯಿಸಲ್ಲ.