ರಾಯಚೂರಿನ ಮೇ ತಿಂಗಳಿಗೆ 70ರ ಲೆಕ್ಕ ಹೊಂದಲ್ಲ

ಕಂಪ್ಯೂಟರಿನ ಬಿಸಿಯ ಬಗ್ಗೆ ‘ಪ್ರೊಸೆಸರ್ (ಮುಖ್ಯ ಚಿಪ್) 70 ಡಿಗ್ರಿ ದಾಟಿದರೆ ಕೂಡಲೇ ಆಫ್ ಮಾಡಿ’ ಅಂತ ಬರೆದಿದ್ದೀರಿ, ಒಪ್ಪೋದು ಕಷ್ಟ. ಇಂಟೆಲ್ 12ರಿಂದ 14ನೇ ಪೀಳಿಗೆಯ ಹೆಚ್ಚಿನ ಡೆಸ್ಕ್‌ಟಾಪ್ ಚಿಪ್‌ಗಳ ಮಿತಿ 100 ಡಿಗ್ರಿ; ಅಲ್ಲಿಗೆ ಮುಟ್ಟಿದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. 25 ಡಿಗ್ರಿ ಕೋಣೆಯಲ್ಲಿ 60 ತೋರಿಸುವ ಯಂತ್ರ, ರಾಯಚೂರಿನ 40 ಡಿಗ್ರಿ ಕೋಣೆಯಲ್ಲಿ 75 ತೋರಿಸಿದರೆ ಏನೂ ಕೆಟ್ಟಿಲ್ಲ. ನೋಡಬೇಕಾದ್ದು ಕೋಣೆಗೂ ಚಿಪ್ಪಿಗೂ ಇರುವ ಅಂತರ. 10 ನಿಮಿಷ ಪೂರ್ತಿ ಲೋಡ್ (ಚಿಪ್ಪಿಗೆ ಭಾರೀ ಕೆಲಸ) ಕೊಟ್ಟು ಆ ಅಂತರ ಬರೆದಿಡಿ (ಚಿಪ್ಪಿನ ಬಿಸಿ ನೋಡಲು ಲಿನಕ್ಸ್‌ನಲ್ಲಿ ‘sensors’ ಆಜ್ಞೆ ಸಾಕು). ಕೆಲವು ತಿಂಗಳ ನಂತರ ಅದೇ ಲೋಡ್‌ಗೆ ಅಂತರ 15 ಡಿಗ್ರಿ ಹಿಗ್ಗಿದ್ದರೆ ಮೊದಲು ಹೀಟ್‌ಸಿಂಕಿನ (ಚಿಪ್ಪಿನ ಬಿಸಿ ಹೀರುವ ಲೋಹದ ಭಾಗ) ಧೂಳು ತೆಗೆಯಿರಿ, ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡಿದು ಬ್ಲೋವರ್ ಹೊಡೆಯಿರಿ. ಆಮೇಲೂ ಇಳಿಯದಿದ್ದರೆ ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚಿದ ಪೇಸ್ಟ್ ಒಣಗಿರಬೇಕು, ಇಲ್ಲವೇ ಹೀಟ್‌ಸಿಂಕನ್ನು ಬೋರ್ಡಿಗೆ ಹಿಡಿದಿಡುವ ಪಿನ್ ಕಳಚಿರಬೇಕು. ಹಾಂ, ನೀರಿನ ಏರ್‌ಕೂಲರ್ ಮಾತ್ರ ಕ್ಯಾಬಿನೆಟ್ ಕಡೆ ತಿರುಗಿಸಬೇಡಿ, ಹನಿ ಬಿದ್ದರೆ ಬೋರ್ಡೇ ಹೋಗುತ್ತೆ.