ಬೆಣ್ಣೆಯ ಅಕ್ರೋಟು

ಪಕ್ಕದ ಮನೆಯ ಮದಾಮ್ ನನಗೊಂದು ಹಳೇ ಪುಸ್ತಕ ಕೊಟ್ಟರು. ಹೆಸರು ‘ಜ ಸೆ ಕ್ವಿಸಿನೆ’. ಅಂದರೆ, ನನಗೆ ಅಡುಗೆ ಬರುತ್ತೆ. ನನಗೆ ಬರಲ್ಲ ಅನ್ನೋದು ಅವರಿಗೆ ಗೋಡೆಯಾಚೆಯಿಂದಲೇ ಗೊತ್ತಾಗಿರಬೇಕು. ವಾರಕ್ಕೆ ಐದು ದಿನ ಅದೇ ಚಿತ್ರಾನ್ನದ ಒಗ್ಗರಣೆ ಘಾಟು ಹೋಗುತ್ತಲ್ಲ!

1932ರಲ್ಲಿ ಜಿನೆಟ್ ಮಾತಿಯೋ ಎಂಬ ಮೇಷ್ಟ್ರಮ್ಮ ಬರೆದದ್ದು. ಇಲ್ಲಿ ಫ್ರಾನ್ಸಿನಲ್ಲಿ ಅಮ್ಮನಿಂದ ಮಗಳಿಗೆ ಕೈ ಬದಲಾಗುವ ಪುಸ್ತಕ. ಬರೆದಾಗ ಮೇಷ್ಟ್ರಮ್ಮನಿಗೆ 25ರ ಆಸುಪಾಸು. ಆ ವಯಸ್ಸಿನಲ್ಲಿ ನಾನು ಗ್ಯಾಸ್ಕೆಟ್ ಹಾಕದೆ ಕುಕ್ಕರ್ ಇಟ್ಟು ವಿಷಲ್‌ಗೆ ಕಾಯುತ್ತಿದ್ದೆ.

ನನ್ನ ಫ್ರೆಂಚು ಬಸ್ಸಿಗೆ ಸಾಕು, ಬಾಣಲೆಗೆ ಸಾಲದು. ಒಂದು ಕಡೆ “ಈರುಳ್ಳಿಯನ್ನು ವಾಪಸ್ ಬರಿಸಿ” ಅಂತಿತ್ತು. ಅದು ಎಲ್ಲಿಗೂ ಹೋಗಿರಲಿಲ್ಲ, ಕಣ್ಣೆದುರೇ ಇತ್ತು. ಕೆಂಪಗೆ ಹುರಿಯಿರಿ ಅನ್ನೋದನ್ನು ಇವರು ಹೇಳೋದೇ ಹಾಗಂತೆ. ಈರುಳ್ಳಿ ಸಹವಾಸ ಬೇಡ ಅಂತ ಆಲೂಗಡ್ಡೆಗೆ ಬಂದೆ.

ನಾನಿರುವುದು ಗ್ರೆನೋಬಲ್‌ನಲ್ಲಿ. ಈ ಸೀಮೆಗೆ ಹಿಂದೆ ದೋಫಿನೆ ಅಂತ ಹೆಸರು. ಇಲ್ಲಿಯ ಅಡುಗೆ ಗ್ರಾತಾಂ ದೋಫಿನ್ವಾ. ತೆಳ್ಳಗೆ ಹೆಚ್ಚಿದ ಆಲೂಗಡ್ಡೆ, ಹಾಲು, ಕೆನೆ, ಅವನ್‌ನಲ್ಲಿ ಒಂದು ಗಂಟೆ. ಆ ಪುಟದ ಅಂಚಿನಲ್ಲಿ ಮದಾಮ್ ಪೆನ್ಸಿಲಿನಲ್ಲಿ ತಮ್ಮದೇ ಲೆಕ್ಕ ಬರೆದಿದ್ದರು. ಪಾತ್ರೆಗೆ ಬೆಳ್ಳುಳ್ಳಿ ಉಜ್ಜಿ. ಉಜ್ಜಿದೆ. (ಆ ಎಸಳನ್ನು ಎಸೆಯಲು ಮನಸ್ಸಾಗದೆ ಹೆಚ್ಚಿ ಒಳಗೆ ಹಾಕಿದೆ.) ಆಲೂಗಡ್ಡೆ ಹೆಚ್ಚಿ ನೀರಿಗೆ ಹಾಕಿದೆ, ಕಪ್ಪಾಗಬಾರದಲ್ಲ. ಮೂರು ಸಲ ತೊಳೆದೆ. ಆಮೇಲೆ ನೋಡಿದರೆ “ತೊಳೆಯಬೇಡಿ” ಅಂತ ಎರಡು ಗೆರೆ ಎಳೆದಿದ್ದಾರೆ. ನಾನು ಸಿಂಕಿಗೆ ಚೆಲ್ಲಿದ ಆ ಬೆಳ್ಳನೆಯ ಗಂಜಿಯೇ ಕೆನೆಯನ್ನು ಗಟ್ಟಿ ಮಾಡೋದಂತೆ.

ಮುಂದಿನ ಸಾಲು, ‘ಯೂನ್ ನ್ವಾ ದ ಬರ್’. ನಿಘಂಟು ತೆಗೆದೆ. ನ್ವಾ ಅಂದರೆ ಅಕ್ರೋಟು, ಬರ್ ಅಂದರೆ ಬೆಣ್ಣೆ. ಅನುಮಾನವೇ ಬರಲಿಲ್ಲ. ಯಾಕೆ ಬರಬೇಕು? ನಂಜನಗೂಡಿಗೆ ರಸಬಾಳೆ ಹೇಗೋ ಗ್ರೆನೋಬಲ್‌ಗೆ ಅಕ್ರೋಟು ಹಾಗೆ. 1938ರಲ್ಲೇ ಊರ ಹೆಸರಿನ ಅಧಿಕೃತ ಮುದ್ರೆ ಬಿದ್ದ ಮಾಲು. ಊರಿನ ಅಡುಗೆಗೆ ಊರಿನ ಅಕ್ರೋಟು, ಸರಿಯಾಗೇ ಇದೆಯಲ್ವಾ? ಅದರ ಕೆಳಗೆ ‘ನ್ವಾ ದ ಮ್ಯುಸ್ಕಾದ್’. ಮತ್ತೆ ನ್ವಾ! ಇನ್ನೊಂದು ಹಿಡಿ ಸುರಿದೆ.

ಕೊನೆಗೆ, ‘ಥರ್ಮೋಸ್ಟಾಟ್ 6’. ನನ್ನ ಅವನ್ ಶುರುವಾಗುವುದೇ 50ರಿಂದ. ಹಳೇ ಪೆನ್ಸಿಲ್ ಬರಹ, ಸೊನ್ನೆ ಅಳಿಸಿಹೋಗಿರಬೇಕು ಅಂತ 60ಕ್ಕೆ ತಿರುಗಿಸಿದೆ. ಒಂದು ಗಂಟೆ ಬಿಟ್ಟು ತೆಗೆದರೆ ಆಲೂಗಡ್ಡೆ ಬೆವೆತಿತ್ತು, ಅಷ್ಟೇ. ಉಗುರುಬೆಚ್ಚಗಿನ ಹಾಲಿನಲ್ಲಿ ಅಕ್ರೋಟುಗಳು ತೆಪ್ಪದ ಹಾಗೆ ತೇಲುತ್ತಿದ್ದವು.

ಪಾತ್ರೆ ಹೊತ್ತು ಮದಾಮ್ ಬಾಗಿಲು ತಟ್ಟಿದೆ. ಅವರು ತುಂಬಾ ಹೊತ್ತು ನೋಡಿದರು. ನಗಲಿಲ್ಲ, ಪಾಪ. 6 ಅಂದರೆ 30ರಿಂದ ಗುಣಿಸಬೇಕು, 180 ಡಿಗ್ರಿ. ‘ಬೆಣ್ಣೆಯ ಅಕ್ರೋಟು’ ಅಂದರೆ ಅಕ್ರೋಟಿನಷ್ಟು ದಪ್ಪದ ಬೆಣ್ಣೆ. ಇನ್ನೊಂದು ನ್ವಾ ಜಾಯಿಕಾಯಿ, ಅದನ್ನು ಚಿಟಿಕೆಯಷ್ಟು ತುರಿದು ಹಾಕೋದು. ಇಷ್ಟು ಹೇಳಿ ತಮ್ಮ ಅವನ್‌ಗೇ ಇಟ್ಟರು. ಬೆಂದ ಮೇಲೆ ಒಂದು ತಟ್ಟೆ ತಿಂದರು ಕೂಡ. ಕಪ್ಪಾದ ಅಕ್ರೋಟುಗಳನ್ನು ಮಾತ್ರ ನಾವು ಕರಿಬೇವು ಆರಿಸಿಡುವ ಹಾಗೆ ತಟ್ಟೆಯಂಚಿಗೆ ಸಾಲಾಗಿ ಇಟ್ಟರು.

ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

“ಅಲ್ಲ ಕಣೋ, ನಿಂಬೆಹಣ್ಣಿನ ಗಾತ್ರ ಹುಣಸೆಹಣ್ಣು ಹಾಕು ಅಂದ್ರೆ ನಿಂಬೆಹಣ್ಣು ಹಿಂಡ್ತೀಯಾ?”

ಸುಮ್ಮನಿದ್ದೆ. ಮೊದಲ ಸಲ ಸಾರು ಮಾಡಿದಾಗ ಹಿಂಡಿದ್ದೆ.

“ಹೋಗ್ಲಿ ಬಿಡು. ಆ ಅಕ್ರೋಟು ಅಲ್ಲಿ ಕೆಜಿಗೆ ಎಷ್ಟು? ಬರೋವಾಗ ಎರಡು ಕೆಜಿ ಹಿಡ್ಕೊಂಡ್ ಬಾ.”